ಹಳೆಯ ಕಾರ್ಬ್ಯುರೇಟರಿನ ಗುರುತು ಮತ್ತು ಮಾರಾಟ

ಅರ್ಥಶಾಸ್ತ್ರ ಓದುವವನಿಗೆ ಕಾರ್ಬ್ಯುರೇಟರಿನ ಗೊಡವೆ ಏಕೆಂದು ಸಹಪಾಠಿಗಳು ಕೇಳಬಹುದು. ನನ್ನ ಸೋದರಮಾವನವರು ಹಳೆಯ ಕಾರುಗಳನ್ನು ದುರಸ್ತಿ ಮಾಡುವವರು; ರಜೆ ಬಂದಿತೆಂದರೆ ಅವರ ಗ್ಯಾರೇಜಿನಲ್ಲಿ ಬಿಡಿಭಾಗಗಳನ್ನು ಸೀಮೆಎಣ್ಣೆಯಲ್ಲಿ ತೊಳೆಯುವ ಕೆಲಸ ನನ್ನದು. ತರಗತಿಯಲ್ಲಿ ನಾವು ಓದುವ ಪೇಟೆಯ ನಿಯಮವೊಂದು ಅಂಗೈ ತುಂಬುವಷ್ಟು ಅಲ್ಯುಮಿನಿಯಮ್ ತುಂಡಿನಲ್ಲಿ ಹೇಗೆ ಅಡಗಿದೆಯೆಂಬುದು ನನಗೆ ತಿಳಿದುಬಂದುದು ಅಲ್ಲಿ.

ಪೆಟ್ರೋಲನ್ನು ಗಾಳಿಯೊಡನೆ ಹದವಾಗಿ ಬೆರೆಸಿ ಎಂಜಿನ್ನಿಗೆ ಉಣಿಸುವ ಸಾಧನವೇ ಕಾರ್ಬ್ಯುರೇಟರು. ಈಗಿನ ಕಾರುಗಳಲ್ಲಿ ಇಂಜೆಕ್ಷನ್ ಬಂದು ಇದಕ್ಕೆ ಕೆಲಸವಿಲ್ಲದಂತಾಗಿದೆ. ಆದರೆ 1948ರಲ್ಲಿ ಬಂದ ಮೋರಿಸ್ ಮೈನರ್, 1959ರಲ್ಲಿ ಬಂದ ಮಿನಿ ಮೊದಲಾದ ಪುಟ್ಟ ಕಾರುಗಳನ್ನು ಮಕ್ಕಳಂತೆ ಸಾಕುವ ಜನ ಇಂಗ್ಲೆಂಡಿನಲ್ಲಿ ಬಹಳ ಮಂದಿ. ಬೆಂಗಳೂರು ಮೈಸೂರುಗಳಲ್ಲಿಯೂ ಕೆಲವರುಂಟು. ಇಂಗ್ಲೆಂಡಿನ ಬ್ಯೂಲಿಯಲ್ಲಿ 1967ರಿಂದ ಹಳೆಯ ಬಿಡಿಭಾಗಗಳ ಸಂತೆಯೇ ನಡೆಯುತ್ತ ಬಂದಿದೆ. ಇಂತಹ ವ್ಯಾಪಾರದಲ್ಲಿ ಬ್ರಿಟಿಷ್ ಕಾರುಗಳ ಮಟ್ಟಿಗೆ ಹೆಚ್ಚಾಗಿ ಕೈಬದಲಾಗುವುದು ಎಸ್.ಯು. ಕಾರ್ಬ್ಯುರೇಟರು. ನಮ್ಮ ಅಂಬಾಸಡರ್ ಕಾರಿನ ಮೂಲವಾದ ಮೋರಿಸ್ ಆಕ್ಸ್‌ಫರ್ಡಿನಲ್ಲಿಯೂ ಇದೇ ಇದ್ದುದರಿಂದ, ಇಲ್ಲಿಯ ಗುಜರಿ ಅಂಗಡಿಯಲ್ಲಿ ಇದು ಕಂಡರೆ ಆಶ್ಚರ್ಯವಿಲ್ಲ.

ಎಸ್.ಯು. ಎಂದರೆ ಸ್ಕಿನ್ನರ್ಸ್ ಯೂನಿಯನ್. ಪಾದರಕ್ಷೆಯ ವ್ಯಾಪಾರದ ಮನೆತನದವನಾದ ಜಾರ್ಜ್ ಹರ್ಬರ್ಟ್ ಸ್ಕಿನ್ನರ್ ಈ ಶತಮಾನದ ಹಿಂದಿನ ಶತಮಾನದ ಆರಂಭದಲ್ಲಿ ಇದನ್ನು ಕಲ್ಪಿಸಿದಾಗ ಒಳಗೆ ಇದ್ದುದು ಚರ್ಮದ ತಿದಿ! ಕುಲಕಸುಬು ಎಲ್ಲಿ ಹೋದರೂ ಬಿಡದೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಕಂಪನಿಯು 1910ರಲ್ಲಿ ಸ್ಥಾಪಿತವಾಗಿ 1926ರಲ್ಲಿ ವಿಲಿಯಂ ಮೋರಿಸನ ವಶವಾಯಿತು. ಚರ್ಮದ ತಿದಿಯ ಸ್ಥಾನಕ್ಕೆ ಲೋಹದ ಪಿಸ್ಟನ್ ಬಂದಿತು. ಎಂಜಿನ್ನು ಗಾಳಿಯನ್ನು ಎಳೆದಂತೆ ಗುಮ್ಮಟದೊಳಗೆ ಈ ಪಿಸ್ಟನ್ ಏರುತ್ತದೆ. ಅದಕ್ಕೆ ಅಂಟಿಕೊಂಡ ಮೊನೆಚೂಪಾದ ಸೂಜಿಯೂ ಕೆಳಗಿನ ಜೆಟ್ಟಿನಿಂದ ಮೇಲೇಳುತ್ತದೆ. ಸೂಜಿ ಎದ್ದಷ್ಟೂ ಸುತ್ತಲಿನ ಕಿಂಡಿ ಅಗಲವಾಗಿ ಪೆಟ್ರೋಲು ಹೆಚ್ಚು ಹರಿಯುತ್ತದೆ. ಇಷ್ಟೇ ಇದರ ಮರ್ಮ.

ಇನ್ನು ಗುರುತಿನ ಮಾತು. ಪೆಟ್ರೋಲು ತುಂಬುವ ಬಟ್ಟಲಿನಿಂದ ಜೆಟ್ಟಿಗೆ ನೈಲಾನಿನ ಬಳುಕುವ ಕೊಳವೆ ಹೋಗಿದ್ದರೆ ಅದು ಎಚ್.ಎಸ್. ಜಾತಿ, ಕೊಳವೆಯಿಲ್ಲದೆ ಬಟ್ಟಲು ನೇರವಾಗಿ ಬುಡಕ್ಕೆ ಬಿಗಿದಿದ್ದರೆ ಹಳೆಯ ಎಚ್. ಜಾತಿ, ಬಟ್ಟಲು ಪ್ರತ್ಯೇಕವಾಗಿ ಕಾಣದೆ ಒಡಲಿನಲ್ಲಿಯೇ ಸೇರಿದ್ದರೆ ಈಚಿನ ಎಚ್.ಐ.ಎಫ್. ಹೆಸರಿನ ಕೊನೆಯ ಅಂಕೆಯ ಅರ್ಥ ಸ್ವಾರಸ್ಯವಾಗಿದೆ. ಒಂದು ಅಂಗುಲದ ಮೇಲೆ ಎಷ್ಟು ಅರೆಪಾವುಗಳೆಂಬುದನ್ನು, ಅಂದರೆ ಎಂಟರಲ್ಲಿ ಎಷ್ಟು ಭಾಗವೆಂಬುದನ್ನು ಅದು ಹೇಳುತ್ತದೆ. ಎಚ್.ಎಸ್.2 ಎಂದರೆ ಗಾಳಿ ಹೋಗುವ ದಾರಿ ಒಂದೂಕಾಲು ಅಂಗುಲ, ಎಚ್.ಎಸ್.4 ಎಂದರೆ ಒಂದೂವರೆ. ಎಚ್.ಐ.ಎಫ್.44ರಲ್ಲಿ ಮಾತ್ರ ಲೆಕ್ಕ ಮಿಲಿಮೀಟರಿನದು. ಮೊದಲಿನ 848 ಸಿ.ಸಿ. ಮಿನಿಗೆ ಒಂದು ಎಚ್.ಎಸ್.2, 1961ರ ಮಿನಿ ಕೂಪರಿಗೆ ಎರಡು.

ಆದರೆ ಜಾತಿ ಮತ್ತು ಅಳತೆ ತಿಳಿದ ಮಾತ್ರಕ್ಕೆ ಯಾವ ಕಾರಿನದೆಂದು ತಿಳಿಯುವುದಿಲ್ಲ. ಎಚ್.ಎಸ್.2 ಮಿನಿಗೂ ಬಂದಿದೆ, ಎಂ.ಜಿ. ಮಿಜೆಟ್ಟಿಗೂ ಬಂದಿದೆ. ಒಡಲಿನ ಮೇಲೆ ಎರಕದಲ್ಲಿ ಉಬ್ಬಿಕೊಂಡಿರುವ ಎ.ಯು.ಸಿ. ಸಂಖ್ಯೆಯನ್ನು ನೋಡಿ ಅದನ್ನೇ ಹೆಸರೆಂದು ಬರೆದು ಮಾರುವವರು ಬಹಳ ಮಂದಿ. ಅದು ಆ ಎರಕದ ತುಂಡಿನ ಸಂಖ್ಯೆ ಮಾತ್ರ. ಅಂತಹುದೇ ತುಂಡು ಹತ್ತು ಕಾರುಗಳಿಗೆ ಹೋಗಿರಬಹುದು. ನಿಜವಾದ ಜಾತಕವಿರುವುದು ಬಟ್ಟಲಿನ ಮುಚ್ಚಳದ ತಿರುಪಿನಡಿ ಸಿಕ್ಕಿಸಿದ ಸಣ್ಣ ಲೋಹದ ಬಿಲ್ಲೆಯಲ್ಲಿ. ಅದರ ಮೇಲಿನ ಸಂಖ್ಯೆಯನ್ನು ತಯಾರಕರ ಪಟ್ಟಿಯೊಡನೆ ಹೋಲಿಸಿದರೆ ಕಾರು, ಎಂಜಿನ್ನು, ಸೂಜಿ ಎಲ್ಲವೂ ಹೊರಬೀಳುತ್ತವೆ. ದುರದೃಷ್ಟವೆಂದರೆ ತಿರುಪು ಬಿಚ್ಚಿದ ಯಾವನೋ ಅದನ್ನು ಕಸವೆಂದು ಎಸೆದಿರುತ್ತಾನೆ.

ಬಿಲ್ಲೆ ಇಲ್ಲದಿದ್ದರೆ ಸೂಜಿಯನ್ನು ಹೊರತೆಗೆಯಬೇಕು. ಅದರ ಬುಡದಲ್ಲಿ ಅಕ್ಷರಗಳನ್ನು ಕೊರೆದಿರುತ್ತಾರೆ: 848 ಸಿ.ಸಿ. ಮಿನಿಗೆ ಇ.ಬಿ., 1098 ಸಿ.ಸಿ. ಮೋರಿಸ್ ಮೈನರಿಗೆ ಎ.ಎನ್. ಹಿಂದಿನ ಮಾಲಿಕನು ಸೂಜಿಯನ್ನು ಬದಲಾಯಿಸಿರುವುದೂ ಸಾಧ್ಯವಾದುದರಿಂದ ಇದು ಬಿಲ್ಲೆಯಷ್ಟು ಗಟ್ಟಿಯಾದ ಸಾಕ್ಷಿಯಲ್ಲ. ಆದರೂ ನೋಡಲೇಬೇಕು. ಏಕೆಂದರೆ ಎಂಜಿನ್ನಿಗೆ ಒಗ್ಗದ ಸೂಜಿಯಿಂದ ಪೆಟ್ರೋಲು ಕಡಮೆಯಾದರೆ ಒಳಗಿನ ಕಾವು ಏರಿ ವಾಲ್ವು ಸುಟ್ಟುಹೋಗುವುದುಂಟು. ಮಾರುವವನು ತಪ್ಪು ಹೆಸರು ಹೇಳಿ ಗಳಿಸಿದ ನಾಲ್ಕು ಕಾಸಿಗೆ ಕೊಂಡವನು ಎಂಜಿನ್ನನ್ನೇ ಬಿಚ್ಚಿಸಬೇಕಾಗುತ್ತದೆ.

ಗುರುತಾದ ಮೇಲೆ ಸ್ಥಿತಿ. ಥ್ರಾಟಲಿನ ಸ್ಪಿಂಡಲನ್ನು ಬೆರಳುಗಳಲ್ಲಿ ಹಿಡಿದು ಮೇಲೆ ಕೆಳಗೆ ಅಲುಗಿಸಿ ನೋಡಬೇಕು. ಅಲುಗಿದರೆ ಅಲ್ಲಿಂದ ಗಾಳಿ ನುಗ್ಗುತ್ತದೆಂದೂ, ನಿಂತ ಕಾರಿನ ಎಂಜಿನ್ನು ಒಂದೇ ಸಮನೆ ಓಡದೆಂದೂ ಅರ್ಥ. ಈ ಸಡಿಲಿಕೆಯನ್ನು ದಪ್ಪ ಗ್ರೀಸು ಮೆತ್ತಿ ಮುಚ್ಚುವ ಚತುರರಿದ್ದಾರೆ. ಪಿಸ್ಟನ್ನಿಗೆ ಬೇರೆ ಪರೀಕ್ಷೆ. ಅದರ ರಂಧ್ರಗಳನ್ನು ಮುಚ್ಚಿ, ಗುಮ್ಮಟದಲ್ಲಿ ಪೂರ್ತಿಯಾಗಿ ಸೇರಿಸಿ, ಗುಮ್ಮಟದ ತಲೆಯ ಮುಚ್ಚಳವನ್ನು ಹಾಕಿ, ತಲೆಕೆಳಗು ಮಾಡಿ, ಪಿಸ್ಟನ್ನನ್ನು ಹಿಡಿದುಕೊಂಡು ಗುಮ್ಮಟವನ್ನು ಬಿಡಬೇಕು. ಒಂದೂಕಾಲು ಅಂಗುಲದ್ದಾದರೆ ಅದು ಜಾರಿ ಇಳಿಯಲು 3ರಿಂದ 5 ಸೆಕೆಂಡು ಹಿಡಿಯಬೇಕು. ದೊಡ್ಡವುಗಳಿಗೆ 5ರಿಂದ 7. ಗುಮ್ಮಟ ಪಿಸ್ಟನ್ನುಗಳು ಹುಟ್ಟಿನಿಂದಲೇ ಜೊತೆಗೂಡಿಸಿದವು. ಒಂದರ ಗುಮ್ಮಟಕ್ಕೆ ಇನ್ನೊಂದರ ಪಿಸ್ಟನ್ನನ್ನು ಹಾಕಲಾಗದು. ಒಳಮೈಯನ್ನು ಉಜ್ಜುಕಾಗದದಿಂದ ತಿಕ್ಕಿ ಹೊಳಪಿಸುವುದು ದೊಡ್ಡ ಅನರ್ಥ. ಹೊರಗೆ ಎಷ್ಟು ಬೇಕಾದರೂ ತಿಕ್ಕಲಿ.

1970ರಲ್ಲಿ ಜಾರ್ಜ್ ಅಕೆರ್ಲಾಫ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞರು ಹಳೆಯ ಕಾರುಗಳ ಪೇಟೆಯನ್ನೇ ಉದಾಹರಣೆಯಾಗಿ ತೆಗೆದುಕೊಂಡು ಒಂದು ಲೇಖನ ಬರೆದರು; 2001ರಲ್ಲಿ ಇತರ ಇಬ್ಬರೊಡನೆ ನೊಬೆಲ್ ಪಾರಿತೋಷಕವನ್ನೂ ಪಡೆದರು. ವಸ್ತುವಿನ ಗುಣ ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಆದುದರಿಂದ ಅವನು ಒಳ್ಳೆಯದಕ್ಕೂ ಕೆಟ್ಟದಕ್ಕೂ ನಡುವಿನ ಒಂದು ಬೆಲೆಯನ್ನಷ್ಟೇ ಕೊಡಲು ಒಪ್ಪುತ್ತಾನೆ. ಒಳ್ಳೆಯ ವಸ್ತುವಿನ ಒಡೆಯನಿಗೆ ಅದು ಗಿಟ್ಟದೆ ಅವನು ಪೇಟೆಯಿಂದ ಹಿಂದೆಗೆಯುತ್ತಾನೆ. ಉಳಿಯುವುದು ಕೆಟ್ಟ ಸರಕು. ನಮ್ಮ ಮಾವನವರು ಈ ಲೇಖನವನ್ನು ಓದಿದವರಲ್ಲ. ಆದರೆ ಮಾರುವಾಗ ಬಿಲ್ಲೆಯ ಸಂಖ್ಯೆ, ಸೂಜಿಯ ಅಕ್ಷರ, ಗುಮ್ಮಟ ಇಳಿದ ಸೆಕೆಂಡು, ಸ್ಪಿಂಡಲಿನ ಸಡಿಲ ಇಷ್ಟನ್ನೂ ಒಂದು ಚೀಟಿಯಲ್ಲಿ ಬರೆದು ಕಟ್ಟುತ್ತಾರೆ. "ಬಿಲ್ಲೆ ಇಲ್ಲದಿದ್ದರೆ ಇಲ್ಲ ಅಂತಲೇ ಬರಿಯೋ" ಎಂದು ನನಗೆ ಹೇಳುತ್ತಾರೆ. ಸ್ಪಿಂಡಲು ಸವೆದಿದ್ದರೂ ಕೊಳ್ಳುವವರಿದ್ದಾರೆ. ಸ್ಪಿಂಡಲು, ಸೂಜಿ, ಜೆಟ್ಟುಗಳು ಇಂದಿಗೂ ಹೊಸದಾಗಿ ದೊರೆಯುತ್ತವೆ. ಸವೆದುದೆಂದು ಮೊದಲೇ ತಿಳಿದವನು ಆ ಖರ್ಚನ್ನು ಕಳೆದು ಬೆಲೆ ಹೇಳುತ್ತಾನೆ, ಜಗಳಕ್ಕೆ ಬರುವುದಿಲ್ಲ.

ಜೋಡಿಯಾಗಿ ಬಂದುದನ್ನು ಒಡೆದು ಮಾರಬಾರದು. ನಡುವಿನ ಸರಳುಗಳೂ ಕೊಂಡಿಗಳೂ ಜೊತೆಯಲ್ಲಿದ್ದರೆ ಬೆಲೆ ಇನ್ನೂ ಮೇಲು. ದೂರದ ಊರಿಗೆ ಕಳುಹಿಸುವಾಗ ಬಟ್ಟಲಿನ ಪೆಟ್ರೋಲನ್ನೂ ಗುಮ್ಮಟದ ಎಣ್ಣೆಯನ್ನೂ ಬಸಿದು ಒಂದು ದಿನ ಗಾಳಿಗಿಡಬೇಕು, ಪೆಟ್ರೋಲಿನ ವಾಸನೆ ಬಂದರೆ ಪಾರ್ಸೆಲಿನವರು ಮುಟ್ಟುವುದಿಲ್ಲ. ಸೂಜಿ ಬಾಗದಂತೆ ಪಿಸ್ಟನ್ನಿನ ಕೆಳಗೆ ಬಟ್ಟೆಯ ಚೂರನ್ನು ಇಟ್ಟು, ಬಿಲ್ಲೆಯನ್ನು ಮತ್ತೆ ಅದರ ತಿರುಪಿನಡಿಯಲ್ಲಿಯೇ ಬಿಗಿದು, ಆಮೇಲೆ ಪೊಟ್ಟಣ ಕಟ್ಟುವುದು.