ವಕೀಲರಾಗಲು ಬೇಕಾದ ಅರ್ಹತೆ: ಪೋಷಕರ ಗಮನಕ್ಕೆ

ಈ ಸಲ ವಿದ್ಯಾರ್ಥಿವೇತನ ಕೋರಿದವರಲ್ಲಿ ಕಾನೂನು ಓದಬೇಕೆನ್ನುವ ಮಕ್ಕಳೂ ಇದ್ದಾರೆ. ಸಂತೋಷ. ಆದರೆ ಎಲ್‌ಎಲ್‌ಬಿ ಮುಗಿದರೆ ವಕೀಲರಾದಂತೆಯೇ ಎಂದು ಹಲವು ಪೋಷಕರು ತಿಳಿದಿರುವುದರಿಂದ ಇಷ್ಟು ಬರೆಯುತ್ತಿದ್ದೇವೆ.

ಪಿಯುಸಿ ಆದವರಿಗೆ ಐದು ವರ್ಷದ ಕೋರ್ಸ್, ಪದವೀಧರರಿಗೆ ಮೂರು ವರ್ಷದ್ದು. ಹಿಂದಿನ ಪರೀಕ್ಷೆಯಲ್ಲಿ ಸಾಮಾನ್ಯ ವರ್ಗಕ್ಕೆ ಕನಿಷ್ಠ ಶೇ. 45, ಹಿಂದುಳಿದ ವರ್ಗಕ್ಕೆ ಶೇ. 42, ಪರಿಶಿಷ್ಟರಿಗೆ ಶೇ. 40 ಅಂಕ ಬೇಕು. ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಪಿಯುಸಿ ಓದದೆ ನೇರವಾಗಿ ಮುಕ್ತ ವಿಶ್ವವಿದ್ಯಾಲಯದಲ್ಲಿ ಪದವಿ ಪಡೆದವರಿಗೆ ಬಾರ್ ಕೌನ್ಸಿಲ್ ನಿಯಮದಂತೆ ಎಲ್‌ಎಲ್‌ಬಿ ಪ್ರವೇಶವಿಲ್ಲ. ಎಸ್ಸೆಸ್ಸೆಲ್ಸಿಗೇ ಓದು ನಿಲ್ಲಿಸಿ, ಮದುವೆಯಾಗಿ, ಮತ್ತೆ ಪುಸ್ತಕ ಹಿಡಿಯುವ ಹೆಣ್ಣುಮಕ್ಕಳು ದಯವಿಟ್ಟು ಪಿಯುಸಿಯನ್ನು ಹಾರಿಸಬೇಡಿ. ಪಿಯುಸಿ ನಂತರ ದೂರಶಿಕ್ಷಣದಲ್ಲಿ ಪಡೆದ ಪದವಿಗೆ ಈ ತೊಡಕಿಲ್ಲ. ಎಲ್‌ಎಲ್‌ಬಿಯನ್ನು ಮಾತ್ರ ಕಾಲೇಜಿಗೆ ಹೋಗಿಯೇ ಓದಬೇಕು.

ಪದವಿ ಬಂದ ಮೇಲೆ, 21 ವರ್ಷ ತುಂಬಿದವರು ರಾಜ್ಯ ವಕೀಲರ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಬೇಕು. ಇದಕ್ಕೆ ಹಿಂದೆ ಹಲವು ರಾಜ್ಯಗಳಲ್ಲಿ ಹತ್ತು ಸಾವಿರಕ್ಕೂ ಮೀರಿ ಕಟ್ಟಬೇಕಿತ್ತು. 1961ರ ವಕೀಲರ ಕಾಯ್ದೆಯಲ್ಲಿರುವ 750 ರೂಪಾಯಿಗಿಂತ (ಪರಿಶಿಷ್ಟರಿಗೆ 125) ಹೆಚ್ಚು ನೋಂದಣಿ ಶುಲ್ಕ ಪಡೆಯುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2024ರ ಜುಲೈ 30ರಂದು ತೀರ್ಪು ನೀಡಿತು. ಸ್ಟಾಂಪ್ ಶುಲ್ಕ ಬೇರೆ. ಯಾರಾದರೂ ದೊಡ್ಡ ಮೊತ್ತ ಹೇಳಿದರೆ, ಸಾಲ ಮಾಡುವ ಮೊದಲು ನಮ್ಮನ್ನು ಕೇಳಿ.

ಆಮೇಲೆ ಅಖಿಲ ಭಾರತ ಬಾರ್ ಪರೀಕ್ಷೆ. ನೋಂದಣಿಯಾದ ಎರಡು ವರ್ಷದೊಳಗೆ ಪಾಸಾಗಬೇಕು. ಟಿಪ್ಪಣಿಯಿಲ್ಲದ ಮೂಲ ಕಾಯ್ದೆಯ ಪುಸ್ತಕವನ್ನು ಒಳಗೆ ಒಯ್ಯಬಹುದು, ಆದರೆ ಓದದವರಿಗೆ ಅದರಲ್ಲಿ ಉತ್ತರ ಸಿಗುವುದಿಲ್ಲ!

ಅರ್ಜಿಯೊಂದಿಗೆ ಎಸ್ಸೆಸ್ಸೆಲ್ಸಿಯಿಂದ ಮುಂದಿನ ಎಲ್ಲ ಅಂಕಪಟ್ಟಿಗಳ ಪ್ರತಿ ಲಗತ್ತಿಸಿ.