ಮೊದಲ ಹೆಜ್ಜೆ ಯಾರದು?

ಕ್ರೈಸ್ತ ನಂಬಿಕೆಯಲ್ಲಿ ರಕ್ಷಣೆ ಎಂದರೆ ಪಾಪದಿಂದ, ಅದರ ಫಲವಾದ ಮರಣದಿಂದ, ದೇವರಿಂದ ಶಾಶ್ವತವಾಗಿ ದೂರವಾಗುವ ಗತಿಯಿಂದ ಬಿಡುಗಡೆ. ಕನ್ನಡ ಬೈಬಲು ಇಲ್ಲಿ ಮೋಕ್ಷ ಎನ್ನದೆ ರಕ್ಷಣೆ ಎಂಬ ಪದವನ್ನೇ ಹಿಡಿದಿರುವುದು ಗಮನಿಸತಕ್ಕದ್ದು. ಮೋಕ್ಷವನ್ನು ಸಾಧಿಸಿದರು ಎನ್ನಬಹುದು; ರಕ್ಷಣೆಗೆ ರಕ್ಷಿಸುವವನೊಬ್ಬ ಇರಲೇಬೇಕು. ಬಾವಿಗೆ ಬಿದ್ದವನನ್ನು ಮೇಲಿರುವವರೇ ಎತ್ತಬೇಕು. ಆದರೆ ಇಳಿಬಿಟ್ಟ ಹಗ್ಗವನ್ನು ಹಿಡಿದುಕೊಳ್ಳುವ ಕೆಲಸವಾದರೂ ಬಿದ್ದವನದೋ ಅಲ್ಲವೋ? ರಕ್ಷಣೆಯ ಬಗ್ಗೆ ಕ್ರೈಸ್ತರಲ್ಲಿ ನಡೆದ ವಾದಗಳಲ್ಲಿ ಬಹುಪಾಲು ಈ ಹಗ್ಗದ ಸುತ್ತಲೇ ಸುತ್ತಿವೆ.

ಇದಕ್ಕೆ ಎಡೆಮಾಡಿಕೊಟ್ಟದ್ದು ಹೊಸ ಒಡಂಬಡಿಕೆಯೇ. ಎಫೆಸದವರಿಗೆ ಬರೆದ ಪತ್ರದ ಪ್ರಕಾರ ರಕ್ಷಣೆ ದೇವರ ಕೃಪೆಯಿಂದ ಬಂದ ದಾನ, ದುಡಿಮೆಗೆ ಸಿಕ್ಕ ಕೂಲಿಯಲ್ಲ. ಯಾಕೋಬನ ಪತ್ರವಾದರೋ ಕ್ರಿಯೆಯಿಲ್ಲದ ನಂಬಿಕೆ ಸತ್ತದ್ದು ಎಂದು ಖಡಾಖಂಡಿತವಾಗಿ ಹೇಳುತ್ತದೆ. ಮತ್ತಾಯನ ಸುವಾರ್ತೆಯ 25ನೆಯ ಅಧ್ಯಾಯದಲ್ಲಿ ಕಡೆಯ ತೀರ್ಪಿನ ಚಿತ್ರವಿದೆ. ಕುರಿಗಳನ್ನೂ ಆಡುಗಳನ್ನೂ ಬೇರ್ಪಡಿಸುವಂತೆ ಜನರನ್ನು ಬೇರ್ಪಡಿಸುವಾಗ ಅಲ್ಲಿ ಯಾರ ನಂಬಿಕೆ ಯಾವುದು ಎಂದು ಯಾರೂ ಕೇಳುವುದಿಲ್ಲ. ಹಸಿದವರಿಗೆ ಉಣಬಡಿಸಿದ್ದು, ಸೆರೆಯಲ್ಲಿದ್ದವರನ್ನು ನೋಡಲು ಹೋದದ್ದು ಮಾತ್ರ ಲೆಕ್ಕಕ್ಕೆ ಬರುತ್ತದೆ. ಲೂಕನ ಸುವಾರ್ತೆಯಲ್ಲಿ ಯೇಸುವಿನ ಪಕ್ಕದ ಶಿಲುಬೆಯ ಮೇಲೆ ಸಾಯುತ್ತಿದ್ದ ಅಪರಾಧಿಗೆ ಒಂದೇ ಒಂದು ಒಳ್ಳೆಯ ಕೆಲಸ ಮಾಡಲೂ ಪುರಸೊತ್ತಿರಲಿಲ್ಲ. ನನ್ನನ್ನು ನೆನೆಸಿಕೋ ಎಂದು ಬೇಡಿಕೊಂಡ, ಅಷ್ಟಕ್ಕೇ ಪರದೈಸಿನ ಭರವಸೆ ಸಿಕ್ಕಿತು. ಪೌಲನಂತೂ ಫಿಲಿಪ್ಪಿಯವರಿಗೆ ಬರೆಯುವಾಗ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಟ್ಟಿದ್ದಾನೆ: ರಕ್ಷಣೆಗಾಗಿ ದುಡಿಯಬೇಕಾದವರು ಅವರೇ, ಅವರೊಳಗೆ ದುಡಿಯುವವನು ದೇವರು.

ತಪ್ಪಿಸಿಕೊಳ್ಳಬೇಕಾದ ನರಕಕ್ಕೂ ಬೈಬಲಿನಲ್ಲಿ ಒಂದೇ ಹೆಸರಿಲ್ಲ. ಹಳೆಯ ಒಡಂಬಡಿಕೆಯ ಷಿಯೋಲ್ ಸತ್ತವರೆಲ್ಲ ಸೇರುವ ಮಬ್ಬುಲೋಕ. ಕನ್ನಡ ಅನುವಾದಕರು ಅದನ್ನು ಪಾತಾಳ ಎಂದರು. ಯೇಸುವಿನ ಬಾಯಲ್ಲಿ ಬರುವ ಗೆಹೆನ್ನ ಬೇರೆ. ಅದು ಜೆರುಸಲೇಮಿನ ದಕ್ಷಿಣಕ್ಕೆ ಇಂದಿಗೂ ಇರುವ ಹಿನ್ನೋಮ್ ಕಣಿವೆಯ ಹೆಸರು. ಹಿಂದೆ ಅಲ್ಲಿ ಮಕ್ಕಳನ್ನು ಬೆಂಕಿಗೆ ಬಲಿಕೊಡುತ್ತಿದ್ದರೆಂದು ಪ್ರವಾದಿ ಯೆರೆಮೀಯ ಆ ತಾಣವನ್ನು ಶಪಿಸಿದ್ದ. ಕನ್ನಡದಲ್ಲಿ ನರಕವಾದದ್ದು ಇದು. ವೃತ್ತದ ಕೆಳಗೊಂದು ವೃತ್ತ, ಪಾಪಕ್ಕೊಂದು ಶಿಕ್ಷೆ ಎಂಬ ಅಚ್ಚುಕಟ್ಟಾದ ನರಕ ಬೈಬಲಿನದಲ್ಲ. ಅದನ್ನು ಜನರ ಮನಸ್ಸಿನಲ್ಲಿ ನೆಲೆಯೂರಿಸಿದವನು 14ನೆಯ ಶತಮಾನದ ಇಟಲಿಯ ಕವಿ ಡಾಂಟೆ.

ವಾದಕ್ಕೆ ಮೊದಲ ಸ್ಪಷ್ಟ ರೂಪ ಸಿಕ್ಕಿದ್ದು ಉತ್ತರ ಆಫ್ರಿಕದಲ್ಲಿ. ಇಂದಿನ ಅಲ್ಜೀರಿಯಕ್ಕೆ ಸೇರುವ ಹಿಪ್ಪೊ ನಗರದ ಬಿಷಪ್ ಆಗಸ್ಟೀನ್ (354–430) ತನ್ನ ಆತ್ಮನಿವೇದನೆಯಲ್ಲಿ ಹದಿನಾರರ ಹರೆಯದ ಒಂದು ಕಳ್ಳತನವನ್ನು ಪುಟಗಟ್ಟಲೆ ಕೆದಕುತ್ತಾನೆ. ಗೆಳೆಯರ ಜೊತೆ ರಾತ್ರಿ ಹೋಗಿ ಅವರಿವರ ಮರದ ಪಿಯರ್ ಹಣ್ಣು ಕದ್ದದ್ದು, ಅಷ್ಟೇ. ಹಸಿವಿರಲಿಲ್ಲ, ಮನೆಯಲ್ಲಿ ಇದಕ್ಕಿಂತ ಒಳ್ಳೆಯ ಹಣ್ಣಿತ್ತು, ಕದ್ದದ್ದರಲ್ಲಿ ಹೆಚ್ಚಿನವು ಹಂದಿಗಳ ಪಾಲಾದವು. ಹಾಗಾದರೆ ಕದ್ದದ್ದೇಕೆ? ಕದಿಯುವುದೇ ಖುಷಿಯಾಗಿತ್ತು. ಹುಡುಗಾಟ ಎಂದು ಬೇರೆಯವರು ನಕ್ಕು ಬಿಡುವಲ್ಲಿ ಆಗಸ್ಟೀನ್ ಮನುಷ್ಯನ ಇಚ್ಛೆಗೇ ಅಂಟಿದ ರೋಗವನ್ನು ಕಂಡ. ಆದಾಮನ ಪತನದಿಂದ ಬಂದ ಜನ್ಮಪಾಪ ಎಲ್ಲರಲ್ಲೂ ಇದೆ. ಮನುಷ್ಯ ತನಗೆ ಬೇಕಾದ್ದನ್ನು ಆರಿಸಿಕೊಳ್ಳಬಲ್ಲ, ನಿಜ, ಆದರೆ ಬೇಕೆನಿಸುವುದೇ ಕೆಟ್ಟದ್ದಾದರೆ ಆ ಸ್ವಾತಂತ್ರ್ಯದಿಂದ ಏನು ಬಂತು?

ಎದುರಾಳಿ ಪೆಲೇಜಿಯಸ್ ಬ್ರಿಟನ್ ಮೂಲದ ವಿರಕ್ತ. ರೋಮಿನ ಕ್ರೈಸ್ತರ ಸಡಿಲ ಬದುಕು ಕಂಡು ಬೇಸತ್ತವನು. ಕೆಟ್ಟದ್ದು ಮಾಡಿದ್ದಕ್ಕೆ ಹುಟ್ಟುಗುಣ ಕಾರಣ ಎಂದುಬಿಟ್ಟರೆ ಯಾರು ತಾನೇ ತಿದ್ದಿಕೊಂಡಾರು? ದೇವರು ಒಂದು ಆಜ್ಞೆ ಕೊಟ್ಟ ಎಂದ ಮೇಲೆ ಅದನ್ನು ಪಾಲಿಸುವ ಶಕ್ತಿಯೂ ಮನುಷ್ಯನಿಗಿರಲೇಬೇಕು, ಇಲ್ಲವಾದರೆ ಆಜ್ಞೆಯೇ ಅನ್ಯಾಯ ಎಂಬುದು ಅವನ ನಿಲುವು. 410ರಲ್ಲಿ ವಿಸಿಗೋಥರು ರೋಮನ್ನು ಸೂರೆಮಾಡಿದ ಹೊತ್ತಿಗೆ ಅವನೂ ನಗರ ಬಿಟ್ಟು ಆಫ್ರಿಕದ ಕಡೆ ಹೋದ; ಅವನ ವಿಚಾರವೂ ಜೊತೆಗೆ ಹೋಯಿತು. 418ರ ಕಾರ್ಥೇಜಿನ ಧರ್ಮಸಭೆ ಅದನ್ನು ತಪ್ಪೆಂದು ತೀರ್ಪುಕೊಟ್ಟಿತು, 431ರಲ್ಲಿ ಎಫೆಸದ ಮಹಾಸಭೆ ಆ ಖಂಡನೆಯನ್ನು ಎತ್ತಿಹಿಡಿಯಿತು. ಇಂದಿನ ಓದುಗರಿಗೆ ಪೆಲೇಜಿಯಸನೇ ಹೆಚ್ಚು ಹತ್ತಿರದವನಾಗಿ ಕಂಡರೆ ಆಶ್ಚರ್ಯವಿಲ್ಲ. ಆದರೆ ಅವನ ದಾರಿಯಲ್ಲಿ ಸೋತು ಬಿದ್ದವನಿಗೆ ಜಾಗ ಕಡಿಮೆ ಎಂಬುದನ್ನೂ ಹೇಳಬೇಕು.

ಗೆದ್ದ ಆಗಸ್ಟೀನನ ವಿಚಾರಕ್ಕೂ ಅದರದೇ ಬೆಲೆ ತೆರಬೇಕಾಯಿತು. ಆ ರೋಗ ಹಿಡಿದ ಇಚ್ಛೆಯನ್ನು ಗುಣಪಡಿಸುವ ಕೃಪೆಯನ್ನು ಕೊಡುವವನು ದೇವರೇ, ಅದು ಎಲ್ಲರಿಗೂ ಸಿಗುವುದಿಲ್ಲ ಎಂದಾದರೆ ಸಿಗದವರ ಗತಿಗೆ ಯಾರು ಹೊಣೆ? ದೀಕ್ಷಾಸ್ನಾನವಿಲ್ಲದೆ ಸತ್ತ ಶಿಶುಗಳಿಗೂ ಅಲ್ಪಸ್ವಲ್ಪವಾದರೂ ಶಿಕ್ಷೆ ತಪ್ಪದು ಎಂಬಲ್ಲಿಗೆ ಅವನ ತರ್ಕ ಬಂದು ನಿಂತಿತು. ಮಧ್ಯಯುಗದ ಪಂಡಿತರು ಆ ಮಕ್ಕಳಿಗಾಗಿ ನೋವಿಲ್ಲದ ಅಂಚಿನ ಲೋಕವೊಂದನ್ನು ಕಲ್ಪಿಸಿ ಲಿಂಬೊ ಎಂದು ಹೆಸರಿಟ್ಟರು. 2007ರಲ್ಲಿ ವ್ಯಾಟಿಕನ್ನಿನ ದೇವತಾಶಾಸ್ತ್ರ ಆಯೋಗ, ಇಂಥ ಮಕ್ಕಳಿಗೂ ರಕ್ಷಣೆ ಇದೆಯೆಂದು ಆಶಿಸಲು ಗಟ್ಟಿ ಕಾರಣಗಳಿವೆ ಎಂದಿತು. 529ರಲ್ಲೇ ಫ್ರಾನ್ಸಿನ ಆರಾಂಜಿನ ಸಭೆ ಒಂದು ನಡುದಾರಿ ಹಾಕಿಕೊಟ್ಟಿತ್ತು: ನಂಬಬೇಕೆಂಬ ಮೊದಲ ಮಿಡಿತವೂ ಕೃಪೆಯಿಂದಲೇ ಬರುತ್ತದೆ, ಆದರೆ ದೇವರು ಯಾರನ್ನೂ ಕೇಡಿಗೆಂದು ನೇಮಿಸಿಲ್ಲ. ಗ್ರೀಕ್ ಭಾಷೆಯ ಪೂರ್ವದ ಸಭೆಗಳು ಈ ಜಗಳದಲ್ಲಿ ಹೆಚ್ಚು ಸಿಕ್ಕಿಕೊಳ್ಳಲಿಲ್ಲ. ಆದಾಮನಿಂದ ಬಂದದ್ದು ಮರಣ, ಅಪರಾಧದ ಹೊರೆಯಲ್ಲ ಎಂದೇ ಆರ್ಥೊಡಾಕ್ಸ್ ಪರಂಪರೆ ತಿಳಿಯುತ್ತದೆ. ರಕ್ಷಣೆ ಅವರಿಗೆ ನ್ಯಾಯಾಲಯದ ಬಿಡುಗಡೆಗಿಂತ ಮಿಗಿಲಾಗಿ ದೇವರ ಬದುಕಿನಲ್ಲಿ ಪಾಲುಗೊಳ್ಳುತ್ತ ಹೋಗುವ ದಾರಿ, ಅಲ್ಲಿ ಕೃಪೆಯೂ ಇಚ್ಛೆಯೂ ಜೊತೆಗೆ ನಡೆಯುತ್ತವೆ.

ನಾಳೆ ಯಾರು ಏನು ಮಾಡುತ್ತಾರೆಂದು ದೇವರಿಗೆ ಇಂದೇ ಗೊತ್ತಿದ್ದರೆ ಆಯ್ಕೆ ಎಂಬುದು ಬರೀ ನಾಟಕವಲ್ಲವೇ ಎಂಬ ಪ್ರಶ್ನೆಯೂ ಹಳೆಯದೇ. 6ನೆಯ ಶತಮಾನದ ಆರಂಭದಲ್ಲಿ ಮರಣದಂಡನೆಗೆ ಕಾಯುತ್ತಿದ್ದ ದಾರ್ಶನಿಕ ಬೊಯೆಥಿಯಸ್ ಸೆರೆಮನೆಯಲ್ಲಿ ಕೂತು ಇದಕ್ಕೆ ಉತ್ತರ ಬರೆದ. ದೇವರಿಗೆ ಇಂದು ನಾಳೆಗಳಿಲ್ಲ, ಕಾಲವೆಲ್ಲ ಒಮ್ಮೆಗೇ ಕಣ್ಣೆದುರಿಗಿದೆ. ರಸ್ತೆಯಲ್ಲಿ ನಡೆಯುವವನನ್ನು ನೋಡಿದ ಮಾತ್ರಕ್ಕೆ ನೋಡಿದವನು ಅವನನ್ನು ನಡೆಸಿದಂತಾಗದು.

ಮಧ್ಯಯುಗದಲ್ಲಿ ಕಥೋಲಿಕ ಸಭೆ ರಕ್ಷಣೆಯ ದಾರಿಯನ್ನು ಸಂಸ್ಕಾರಗಳ ಮೂಲಕ ಕ್ರಮಬದ್ಧಗೊಳಿಸಿತು. ದೀಕ್ಷಾಸ್ನಾನ ಜನ್ಮಪಾಪವನ್ನು ತೊಳೆಯುತ್ತದೆ. ಆಮೇಲೆ ಮಾಡಿದ ಪಾಪಗಳಿಗೆ ಪಾಪನಿವೇದನೆಯಿದೆ. ಮಾರಕ ಪಾಪವೆನಿಸಲು ಮೂರು ಕೂಡಬೇಕು: ತಪ್ಪು ಗಂಭೀರವಾದದ್ದಿರಬೇಕು, ತಪ್ಪೆಂದು ಗೊತ್ತಿರಬೇಕು, ಮನಸ್ಸಾರೆ ಮಾಡಿರಬೇಕು. ಇಚ್ಛೆಯಿಲ್ಲದ ಕಡೆ ನರಕಕ್ಕೆ ಒಯ್ಯುವಂಥ ಪಾಪವೂ ಇಲ್ಲ ಎಂದಾಯಿತು. ಕ್ಷಮೆ ಸಿಕ್ಕಿಯೂ ಪೂರ್ತಿ ಶುದ್ಧರಾಗದೆ ಸತ್ತವರಿಗೆ ಪರ್ಗೆಟರಿ ಎಂಬ ಶುದ್ಧೀಕರಣದ ಸ್ಥಿತಿಯಿದೆ. ನವೆಂಬರ್ 2ರಂದು ಮಂಗಳೂರಿನ ಕಥೋಲಿಕರು ಸಿಮೆಟ್ರಿಗೆ ಹೋಗಿ ಸಮಾಧಿಗಳಿಗೆ ಹೂವಿಟ್ಟು, ಮೇಣದ ಬತ್ತಿ ಹಚ್ಚಿ ಪ್ರಾರ್ಥಿಸುವುದರ ಹಿಂದಿರುವ ನಂಬಿಕೆ ಇದೇ.

ಪರ್ಗೆಟರಿಯ ಶಿಕ್ಷೆಯನ್ನು ತಗ್ಗಿಸುವ ಪಾಪ ವಿಮೋಚನಾ ಪತ್ರಗಳು ಜರ್ಮನಿಯಲ್ಲಿ ಹಣಕ್ಕೆ ಬಿಕರಿಯಾಗತೊಡಗಿದ್ದು ರೋಮಿನ ಸಂತ ಪೇತ್ರರ ಮಹಾದೇವಾಲಯದ ಕಟ್ಟಡದ ಖರ್ಚಿಗಾಗಿ. 1517ರಲ್ಲಿ ವಿಟೆನ್‌ಬರ್ಗಿನ ಮಾರ್ಟಿನ್ ಲೂಥರ್ 95 ವಾದಸೂತ್ರಗಳೊಂದಿಗೆ ಇದನ್ನು ಪ್ರಶ್ನಿಸಿದ್ದು ಶಾಲೆಯ ಪುಸ್ತಕಗಳಲ್ಲೂ ಇದೆ. ಅಷ್ಟು ಪ್ರಸಿದ್ಧವಲ್ಲದ, ಆದರೆ ಅದಕ್ಕಿಂತ ಆಳವಾದ ಜಗಳ ನಡೆದದ್ದು ಏಳೆಂಟು ವರ್ಷಗಳ ನಂತರ. 1524ರಲ್ಲಿ ಡಚ್ ವಿದ್ವಾಂಸ ಎರಾಸ್ಮಸ್ ಇಚ್ಛಾಸ್ವಾತಂತ್ರ್ಯವನ್ನು ಸಮರ್ಥಿಸಿ ಪುಸ್ತಕ ಬರೆದ. ಅದರಲ್ಲೊಂದು ಉಪಮೆ ಬರುತ್ತದೆ. ಇನ್ನೂ ನಡಿಗೆ ಬಾರದ ಕೂಸು ಬಿದ್ದಿದೆ. ತಂದೆ ಎತ್ತಿ ನಿಲ್ಲಿಸುತ್ತಾನೆ, ಎದುರಿಗೆ ಸೇಬು ತೋರಿಸುತ್ತಾನೆ. ಅದು ಓಡಿಬರಲು ನೋಡುತ್ತದೆ, ಕಾಲು ಸೋಲುತ್ತದೆ, ತಂದೆ ಕೈಹಿಡಿದು ನಡೆಸುತ್ತಾನೆ, ಕೊನೆಗೆ ಸೇಬನ್ನು ಅದರ ಕೈಗಿಡುತ್ತಾನೆ. ಎತ್ತಿದ್ದು, ತೋರಿಸಿದ್ದು, ಹಿಡಿದದ್ದು, ಕೊಟ್ಟದ್ದು ಎಲ್ಲ ತಂದೆಯೇ. ಆದರೂ ಕೂಸು ಕಾಲು ಮುಂದಿಟ್ಟದ್ದು ಸುಳ್ಳಲ್ಲ.

ಮರುವರ್ಷವೇ ಲೂಥರ್ ಉತ್ತರ ಕೊಟ್ಟ. ಪುಸ್ತಕದ ಹೆಸರೇ ದಾಸ್ಯದಲ್ಲಿರುವ ಇಚ್ಛೆ ಎಂದು. ಅವನ ಉಪಮೆಯಲ್ಲಿ ಕೂಸಿಲ್ಲ, ಸವಾರಿಯ ಪ್ರಾಣಿಯಿದೆ. ಬೆನ್ನ ಮೇಲೆ ದೇವರು ಕೂತರೆ ದೇವರು ಹೇಳಿದ ಕಡೆ, ಸೈತಾನ ಕೂತರೆ ಅವನು ಹೇಳಿದ ಕಡೆ. ಸವಾರನನ್ನು ಆರಿಸುವುದು ಪ್ರಾಣಿಯ ಕೈಯಲ್ಲಿಲ್ಲ. ಲೂಥರನಿಗೆ ಇದು ನಿರಾಶೆಯ ಮಾತಾಗಿರಲಿಲ್ಲ. ಮಠದಲ್ಲಿದ್ದಾಗ ಎಷ್ಟು ಪಾಪನಿವೇದನೆ ಮಾಡಿದರೂ ಸಾಲದೆಂಬ ದಿಗಿಲಿನಲ್ಲಿ ಒದ್ದಾಡಿದವನು ಅವನು. ರಕ್ಷಣೆ ತನ್ನ ಕೈಯಲ್ಲಿಲ್ಲ ಎಂಬುದೇ ಅವನಿಗೆ ನಿರಾಳ ತಂದಿತು.

ಇದೇ ಜಾಡಿನ ಪ್ರಶ್ನೆ ಶ್ರೀವೈಷ್ಣವರಲ್ಲೂ ಎದ್ದಿತ್ತೆಂಬುದು ಕನ್ನಡ ಓದುಗರಿಗೆ ನೆನಪಾಗಬಹುದು. ಮರಿಕೋತಿ ತಾಯಿಯನ್ನು ತಾನೇ ತಬ್ಬಿ ಹಿಡಿಯಬೇಕು, ಬೆಕ್ಕಿನ ಮರಿಯನ್ನು ತಾಯಿಯೇ ಕಚ್ಚಿ ಒಯ್ಯುತ್ತದೆ: ಅವರಲ್ಲಿ ವಡಗಲೆ ಪಂಗಡದವರದು ಮರ್ಕಟ ನ್ಯಾಯ, ತೆಂಗಲೆ ಪಂಗಡದವರದು ಮಾರ್ಜಾರ ನ್ಯಾಯ. ಜರ್ಮನ್ ವಿದ್ವಾಂಸ ರುಡಾಲ್ಫ್ ಆಟೊ ಈ ಹೋಲಿಕೆಯನ್ನು ವಿವರವಾಗಿ ಚರ್ಚಿಸಿದ್ದಾನೆ. ಎರಾಸ್ಮಸನ ಕೂಸು ಮರಿಕೋತಿಯ ಕಡೆಯದು. ಲೂಥರ್ ಬೆಕ್ಕಿನ ಪಕ್ಷ.

ಜಿನೀವದ ಸುಧಾರಕ ಜಾನ್ ಕ್ಯಾಲ್ವಿನ್ ಲೂಥರನ ತರ್ಕವನ್ನು ಕೊನೆಯವರೆಗೆ ಒಯ್ದ: ಕೆಲವರು ರಕ್ಷಣೆಗೆ, ಕೆಲವರು ನಾಶಕ್ಕೆ ಅನಾದಿಯಿಂದಲೇ ನೇಮಕವಾಗಿದ್ದಾರೆ. ನೆದರ್ಲೆಂಡ್ಸಿನ ಲೈಡನ್ ವಿಶ್ವವಿದ್ಯಾಲಯದ ಯಾಕೋಬಸ್ ಆರ್ಮಿನಿಯಸ್ ಒಪ್ಪಲಿಲ್ಲ. ಯಾರು ನಂಬುತ್ತಾರೆಂದು ಮೊದಲೇ ಬಲ್ಲ ದೇವರು ಅವರನ್ನು ಆರಿಸಿಕೊಂಡ, ಕೃಪೆಯನ್ನು ಬೇಡವೆನ್ನುವ ಶಕ್ತಿ ಮನುಷ್ಯನಿಗಿದೆ ಎಂದ. ಅವನು ತೀರಿಕೊಂಡ ಮರುವರ್ಷ, 1610ರಲ್ಲಿ, ಅನುಯಾಯಿಗಳು ಐದು ಅಂಶಗಳ ಮನವಿ ಸಲ್ಲಿಸಿದರು. ಡೋರ್ಟ್ ನಗರದಲ್ಲಿ 1618–19ರಲ್ಲಿ ಸೇರಿದ ಸಭೆ ಅದನ್ನು ತಿರಸ್ಕರಿಸಿತು. ರಾಜಕೀಯವೂ ಇದರಲ್ಲಿ ಬೆರೆತಿತ್ತು. ಆರ್ಮಿನಿಯಸನ ಪಕ್ಷಕ್ಕೆ ಆಸರೆಯಾಗಿದ್ದ ಮುತ್ಸದ್ದಿ ಓಲ್ಡನ್‌ಬಾರ್ನೆವೆಲ್ಟನ ತಲೆಯನ್ನು 1619ರ ಮೇ 13ರಂದು ಹೇಗ್ ನಗರದಲ್ಲಿ ಕಡಿದರು. ಆಗ ಅವನಿಗೆ 71 ವರ್ಷ. ಅದೇ ಪಕ್ಷದವನಾಗಿ ಜೀವಾವಧಿ ಸೆರೆಗೆ ಬಿದ್ದ ನ್ಯಾಯಶಾಸ್ತ್ರಜ್ಞ ಗ್ರೋಶಿಯಸ್ 1621ರಲ್ಲಿ ಪುಸ್ತಕ ಸಾಗಿಸುವ ಪೆಟ್ಟಿಗೆಯೊಳಗೆ ಮುದುಡಿ ಕೂತು ಕೋಟೆಯಿಂದ ಪಾರಾದ. ಉಪಾಯ ಹೂಡಿದವಳು ಅವನ ಹೆಂಡತಿ.

ಕಥೋಲಿಕರೊಳಗೂ ಕೃಪೆ ಮತ್ತು ಇಚ್ಛೆಯ ಪ್ರಶ್ನೆ ಬಗೆಹರಿದಿರಲಿಲ್ಲ. ಕೃಪೆ ತಾನಾಗಿಯೇ ಫಲಿಸುತ್ತದೆಯೋ, ಇಚ್ಛೆಯ ಒಪ್ಪಿಗೆ ಸಿಕ್ಕಾಗ ಫಲಿಸುತ್ತದೆಯೋ ಎಂದು ಡೊಮಿನಿಕನ್, ಯೇಸುಸಭೆ ಎಂಬ ಎರಡು ಸಂನ್ಯಾಸಿ ಸಂಘಗಳವರು ರೋಮಿನಲ್ಲಿ ವರ್ಷಗಟ್ಟಲೆ ವಾದಿಸಿದರು. 1607ರಲ್ಲಿ ಪೋಪ್ ಐದನೆಯ ಪೌಲರು ತೀರ್ಪು ಕೊಡದೆ, ಒಬ್ಬರನ್ನೊಬ್ಬರು ಪಾಷಂಡಿಗಳೆಂದು ಕರೆಯಬೇಡಿ ಎಂದಷ್ಟೇ ಹೇಳಿ ಮನೆಗೆ ಕಳಿಸಿದರು. ಈ ವಾದದ ಇಡೀ ಚರಿತ್ರೆಯಲ್ಲಿ ಇಷ್ಟು ವಿವೇಕದ ನಿರ್ಧಾರ ಮತ್ತೊಂದು ಸಿಗುವುದು ಕಷ್ಟ.

18ನೆಯ ಶತಮಾನದ ಇಂಗ್ಲೆಂಡಿನಲ್ಲಿ ಮೆಥಡಿಸ್ಟ್ ಪಂಥದ ಜಾನ್ ವೆಸ್ಲಿ ಆರ್ಮಿನಿಯಸನ ದಾರಿ ಹಿಡಿದ. ಮೈಸೂರಿನ ವೆಸ್ಲಿ ಪ್ರೆಸ್ಸಿನ ಹೆಸರಿನಲ್ಲಿರುವುದು ಅವನೇ. ಆಯ್ಕೆಗಿಂತ ಮುಂಚೆಯೇ ಎಲ್ಲರಿಗೂ ಬಂದಿರುವ ಕೃಪೆ ಇಚ್ಛೆಯನ್ನು ಸ್ವಲ್ಪ ಸಡಿಲಿಸಿದೆ, ಆದ್ದರಿಂದ ಹೌದು ಅಲ್ಲ ಎನ್ನುವಷ್ಟು ಸ್ವಾತಂತ್ರ್ಯ ಪ್ರತಿಯೊಬ್ಬರಿಗೂ ಇದೆ ಎಂಬುದು ಅವನ ಬೋಧೆ. ಗೆಳೆಯ ಜಾರ್ಜ್ ವಿಟ್‌ಫೀಲ್ಡ್ ಕ್ಯಾಲ್ವಿನ್ ಪಕ್ಷದವನಾದ್ದರಿಂದ ಇಬ್ಬರೂ ಬೇರೆಯಾದರು. ಆದರೆ 1770ರಲ್ಲಿ ವಿಟ್‌ಫೀಲ್ಡ್ ಸತ್ತಾಗ ಲಂಡನ್ನಿನಲ್ಲಿ ಸ್ಮರಣೆಯ ಬೋಧನೆ ಮಾಡಿದವನು ವೆಸ್ಲಿಯೇ.

ಇಚ್ಛೆಗೆ ಕೊಡುವ ಸ್ಥಾನ ಬದಲಾದಂತೆ ನರಕದ ಅರ್ಥವೂ ಬದಲಾಗುತ್ತದೆ. ಅದು ಎಂದೆಂದಿಗೂ ಮುಗಿಯದ ಶಿಕ್ಷೆ ಎಂಬುದು ಹೆಚ್ಚಿನ ಸಭೆಗಳ ಸಾಂಪ್ರದಾಯಿಕ ಬೋಧೆ. ಸೆವೆಂತ್ ಡೇ ಅಡ್ವೆಂಟಿಸ್ಟರು ದುಷ್ಟರು ನರಳುತ್ತಲೇ ಇರುವುದಿಲ್ಲ, ಇಲ್ಲವಾಗುತ್ತಾರೆ ಎನ್ನುತ್ತಾರೆ. 3ನೆಯ ಶತಮಾನದ ದೇವತಾಶಾಸ್ತ್ರಜ್ಞ ಒರಿಜೆನ್ ಕೊನೆಗೆ ಎಲ್ಲವೂ ದೇವರ ಬಳಿಗೆ ಮರಳುವುದೆಂದು ಆಶಿಸಿದ. ಕಾನ್‌ಸ್ಟಾಂಟಿನೋಪಲಿನಲ್ಲಿ 553ರಲ್ಲಿ ಅವನ ಹೆಸರಿಗೆ ಖಂಡನೆ ತಗಲಿತು. 20ನೆಯ ಶತಮಾನದಲ್ಲಿ ಲೇಖಕ ಸಿ. ಎಸ್. ಲೂಯಿಸ್ ನರಕದ ಬಾಗಿಲಿಗೆ ಒಳಗಿನಿಂದಲೇ ಚಿಲಕ ಹಾಕಿದೆ ಎಂಬ ಚಿತ್ರ ಕೊಟ್ಟ. 1992ರ ಕಥೋಲಿಕ ಧರ್ಮೋಪದೇಶ ಗ್ರಂಥವೂ ನರಕವನ್ನು ಮನುಷ್ಯ ತಾನಾಗಿ ದೇವರಿಂದ ದೂರವಾಗುವ ಸ್ಥಿತಿ ಎಂದೇ ವಿವರಿಸುತ್ತದೆ. ಸಾವಿರಾರು ಜನರನ್ನು ಸಂತರೆಂದು ಘೋಷಿಸಿರುವ ಆ ಸಭೆ ಇಂಥವನು ನರಕದಲ್ಲಿದ್ದಾನೆ ಎಂದು ಇದುವರೆಗೆ ಯಾರ ಹೆಸರನ್ನೂ ಹೇಳಿಲ್ಲ. ಕ್ರಿಸ್ತನ ಹೆಸರನ್ನೇ ಕೇಳದವರ ಮಾತೇನು? ತಮ್ಮ ತಪ್ಪಿಲ್ಲದೆ ಅರಿಯದೇ ಉಳಿದು, ಅಂತಸ್ಸಾಕ್ಷಿಗೆ ತಕ್ಕಂತೆ ಬಾಳಿದವರಿಗೂ ರಕ್ಷಣೆ ಸಾಧ್ಯವೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1964ರಲ್ಲಿ ಒಪ್ಪಿತು. ಇವ್ಯಾಂಜೆಲಿಕಲ್ ಪ್ರೊಟೆಸ್ಟಂಟರಲ್ಲಿ ಅನೇಕರು ಇದನ್ನು ಒಪ್ಪುವುದಿಲ್ಲ. ಬುದ್ಧಿತಿಳಿದು ಯೇಸುವನ್ನು ನಂಬಿ ಹೊಸದಾಗಿ ಹುಟ್ಟಬೇಕು ಎಂಬುದು ಅವರ ಒತ್ತು.

1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ಕಥೋಲಿಕ ಸಭೆಯೂ ಲೂಥರನ್ ವಿಶ್ವ ಒಕ್ಕೂಟವೂ ಒಂದು ಜಂಟಿ ಘೋಷಣೆಗೆ ಸಹಿ ಹಾಕಿದವು. ಮನುಷ್ಯ ದೇವರ ಮುಂದೆ ನೀತಿವಂತನೆನಿಸುವುದು ಕೃಪೆಯಿಂದಲೇ ಎಂಬುದರಲ್ಲಿ ಇಬ್ಬರಿಗೂ ಒಮ್ಮತವಿದೆ ಎಂದು ಅದು ಸಾರುತ್ತದೆ. 2006ರಲ್ಲಿ ಮೆಥಡಿಸ್ಟರು, 2017ರಲ್ಲಿ ಕ್ಯಾಲ್ವಿನ್ ಪರಂಪರೆಯ ಸಭೆಗಳು ಅದರೊಂದಿಗೆ ಸೇರಿಕೊಂಡವು. ಆ ಘೋಷಣೆಯ 20ನೆಯ ಪರಿಚ್ಛೇದದಲ್ಲಿ ಮನುಷ್ಯ ಕೃಪೆಯೊಂದಿಗೆ ಸಹಕರಿಸುತ್ತಾನೆ ಎಂಬ ಕಥೋಲಿಕರ ಮಾತಿದೆ, ಆ ಸಹಕಾರವೂ ಕೃಪೆಯದೇ ಫಲ ಎಂಬ ವಿವರಣೆಯೊಡನೆ. 21ನೆಯ ಪರಿಚ್ಛೇದದಲ್ಲಿ ಮನುಷ್ಯನಿಗೆ ಸಹಕರಿಸುವ ಶಕ್ತಿಯಿಲ್ಲ ಎಂಬ ಲೂಥರನ್ನರ ಮಾತಿದೆ. ಎರಡಕ್ಕೂ ಎರಡೂ ಪಕ್ಷಗಳ ಸಹಿಯಿದೆ.