ಒಂದು ಊರಿನ ಕ್ಯಾನ್ಸರನ್ನು ಎಣಿಸುವ ಬಗೆ

ಒಂದು ಪ್ರದೇಶದಲ್ಲಿ ಒಂದು ವರ್ಷದ ಅವಧಿಯಲ್ಲಿ ಹೊಸದಾಗಿ ಪತ್ತೆಯಾದ ಕ್ಯಾನ್ಸರ್ ಪ್ರಕರಣಗಳನ್ನು ಅಲ್ಲಿನ ಜನಸಂಖ್ಯೆಯಿಂದ ಭಾಗಿಸಿ, ಲಕ್ಷಕ್ಕೆ ಇಷ್ಟೆಂದು ಹೇಳುವುದೇ ಆ ರೋಗದ ಸಂಭವದರ. ಹಳೆಯ ರೋಗಿಗಳು ಇದರಲ್ಲಿ ಸೇರರು. ಮರಣದ ಲೆಕ್ಕ ಬೇರೆಯೇ. ವ್ಯಾಖ್ಯೆ ಇಷ್ಟೆ, ಯಾರನ್ನು ಎಣಿಸಬೇಕು, ಯಾವ ಸಂಖ್ಯೆಯಿಂದ ಭಾಗಿಸಬೇಕು ಎಂಬಲ್ಲಿ ಮಾತ್ರ ಎಚ್ಚರ ಬೇಕು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ರಾಷ್ಟ್ರೀಯ ಕಾರ್ಯಕ್ರಮದಲ್ಲಿ 1982ರ ಜನವರಿಯಿಂದ ಬೆಂಗಳೂರು, ಮುಂಬಯಿ, ಮದರಾಸುಗಳಲ್ಲಿ ಇಂತಹ ಎಣಿಕೆಗಾಗಿ ಕ್ಯಾನ್ಸರ್ ನೋಂದಣಿ ನಡೆದುಬಂದಿದೆ. ಬೆಂಗಳೂರಿನ ಹೊಣೆ ಅಲ್ಲಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯದು. ಅಲ್ಲಿನ ಸಿಬ್ಬಂದಿ ಆಸ್ಪತ್ರೆಗಳಿಗೂ ರೋಗನಿದಾನ ಪ್ರಯೋಗಾಲಯಗಳಿಗೂ ಜನನ ಮರಣ ನೋಂದಣಿಯ ಕಚೇರಿಗಳಿಗೂ ತಾವೇ ಹೋಗಿ ಕಡತಗಳನ್ನು ತಿರುವಿ, ಎರಡು ಮೂರು ಕಡೆ ದಾಖಲಾದ ಒಬ್ಬನೇ ರೋಗಿಯನ್ನು ಒಮ್ಮೆಗೆ ಇಳಿಸಿ, ಕಡಿಮೆಯೆಂದರೆ ಒಂದು ವರ್ಷವಾದರೂ ಊರಿನಲ್ಲಿ ನೆಲೆಸಿದವರನ್ನು ಮಾತ್ರ ಪಟ್ಟಿಯಲ್ಲಿ ಉಳಿಸುತ್ತಾರೆ. ಹಾಸನದಿಂದ ಚಿಕಿತ್ಸೆಗಾಗಿ ಬಂದ ರೈತನು ಆಸ್ಪತ್ರೆಯ ಲೆಕ್ಕಕ್ಕೆ ಸೇರುವನಲ್ಲದೆ ಬೆಂಗಳೂರಿನ ಸಂಭವದರಕ್ಕೆ ಸೇರನು. ಆಸ್ಪತ್ರೆಯ ಮುಂದಿನ ಸಾಲನ್ನು ನೋಡಿ ನಗರದ ರೋಗಭಾರವನ್ನು ಅಳೆಯಹೊರಡುವವರು ಮರೆಯುವುದು ಇದನ್ನೇ.

ಇದಕ್ಕಿಂತ ಆಳವಾದ ಭ್ರಮೆ ವಯಸ್ಸಿಗೆ ಸಂಬಂಧಿಸಿದ್ದು. ಅದನ್ನು ನಿಧಾನವಾಗಿ ಬಿಡಿಸಿ ನೋಡೋಣ. ತಲಾ ಒಂದು ಲಕ್ಷ ಜನರಿರುವ ಎರಡು ಊರುಗಳನ್ನು ಕಲ್ಪಿಸಿಕೊಳ್ಳಿ. ಅರುವತ್ತು ತುಂಬಿದವರು ಮೊದಲನೆಯದರಲ್ಲಿ 10,000, ಎರಡನೆಯದರಲ್ಲಿ 20,000. ಎರಡೂ ಊರುಗಳಲ್ಲಿ ಅರುವತ್ತರೊಳಗಿನವರಿಗೆ ಲಕ್ಷಕ್ಕೆ 50ರಂತೆ, ಅದಕ್ಕೆ ಮೇಲ್ಪಟ್ಟವರಿಗೆ ಲಕ್ಷಕ್ಕೆ 500ರಂತೆ ರೋಗ ಬರುವುದೆಂದಿಟ್ಟುಕೊಂಡರೆ, ಮೊದಲನೆಯ ಊರಿನಲ್ಲಿ 45 ಮತ್ತು 50 ಸೇರಿ 95, ಎರಡನೆಯದರಲ್ಲಿ 40 ಮತ್ತು 100 ಸೇರಿ 140 ಪ್ರಕರಣಗಳಾಗುವುವು. ಯಾವ ವಯಸ್ಸಿನವನಿಗೂ ಎರಡನೆಯ ಊರು ಹೆಚ್ಚು ಅಪಾಯಕಾರಿಯಲ್ಲ; ಆದರೂ ಅದರ ಮೊತ್ತವು ಸುಮಾರು ಒಂದೂವರೆಪಟ್ಟು! ಜಪಾನಿನ ಸೇಗಿ ರೂಪಿಸಿ, 1966ರಲ್ಲಿ ಡಾಲ್ ಮತ್ತಿತರರು ಪರಿಷ್ಕರಿಸಿದ ಪ್ರಮಾಣ ಜನಸಂಖ್ಯೆಯು, ಎಂದರೆ ಹೋಲಿಕೆಗಾಗಿ ಕಲ್ಪಿಸಿದ ಜನಸಮೂಹವು, ಈ ತೊಡಕನ್ನು ಪರಿಹರಿಸುತ್ತದೆ. ಅದರಲ್ಲಿ ಅರುವತ್ತು ತುಂಬಿದವರು ನೂರಕ್ಕೆ 11. ಎರಡೂ ಊರುಗಳ ದರಗಳನ್ನು ಆ ಒಂದೇ ಜನಸಂಖ್ಯೆಗೆ ಅನ್ವಯಿಸಿದೊಡನೆ ಎರಡಕ್ಕೂ 99.5 ಎಂಬ ಒಂದೇ ಉತ್ತರ ಬರುತ್ತದೆ. ಇದೇ ವಯೋಹೊಂದಾಣಿಕೆಯ ದರ. ಇಷ್ಟು ಸರಳವಾದ ಗಣಿತವು ಇಷ್ಟು ದೊಡ್ಡ ತಪ್ಪುತಿಳಿವಳಿಕೆಯನ್ನು ಕಳೆಯಬಲ್ಲುದೆಂಬುದು ಎಷ್ಟು ಸಲ ವಿವರಿಸಿದರೂ ನನಗೆ ಸಂತೋಷವನ್ನೇ ತರುತ್ತದೆ.

ಈ ಗಣಿತದ ಬಲದಿಂದಲೇ ಬೆಂಗಳೂರಿನ ಸ್ತ್ರೀಯರಲ್ಲಿ ಆದ ಒಂದು ಮಹತ್ತರ ಪಲ್ಲಟವು ನಿಜವೆಂದು ತಿಳಿದುಬಂದಿತು. ನೋಂದಣಿ ಆರಂಭವಾದ ಕಾಲಕ್ಕೆ ಗರ್ಭಕಂಠದ ಕ್ಯಾನ್ಸರ್ ಮೊದಲ ಸ್ಥಾನದಲ್ಲಿತ್ತು. ಈಗ ಸ್ತನದ ಕ್ಯಾನ್ಸರ್ ಅದನ್ನು ಬಹುದೂರ ಹಿಂದಿಕ್ಕಿದೆ. ಜನರ ಆಯುಷ್ಯ ಬೆಳೆದುದೊಂದೇ ಕಾರಣವಾಗಿದ್ದರೆ, ಹೊಂದಿಸಿದ ದರದಲ್ಲಿ ಒಂದು ಇಳಿದು ಮತ್ತೊಂದು ಏರುತ್ತಿರಲಿಲ್ಲ. ಗರ್ಭಕಂಠದ ರೋಗಕ್ಕೆ ಎಚ್‌ಪಿವಿ ಎಂಬ ವೈರಾಣುವಿನ ದೀರ್ಘಕಾಲದ ಸೋಂಕು ಮೂಲ. ಎಳೆವಯಸ್ಸಿನ ಮದುವೆ, ಅನೇಕ ಹೆರಿಗೆಗಳು ಅದಕ್ಕೆ ಪೋಷಕ. ತಡವಾದ ಮೊದಲ ಹೆರಿಗೆ, ಮಿತಸಂತಾನ, ಮೊಲೆಯೂಡಿಸುವ ಅವಧಿಯ ಇಳಿತ, ಬೊಜ್ಜು, ಇವು ಸ್ತನದ ರೋಗಕ್ಕೆ ಅನುಕೂಲವಾದವು. ಸಂಸಾರದ ಬದುಕು ಬದಲಾದ ಬಗೆಯೆಲ್ಲವೂ ಈ ಅಂಕಿಗಳಲ್ಲಿದೆ.

ಪ್ರದೇಶಭೇದವೂ ಅಷ್ಟೇ ಗಮನಾರ್ಹ. ಅದೇ ರಾಷ್ಟ್ರೀಯ ಕಾರ್ಯಕ್ರಮದ 2012ರಿಂದ 2016ರವರೆಗಿನ ವರದಿಯಲ್ಲಿ ಮಿಜೋರಾಮಿನ ಐಜ್ವಾಲ್ ಜಿಲ್ಲೆಯ ಪುರುಷರ ಹೊಂದಿಸಿದ ದರ ಲಕ್ಷಕ್ಕೆ 269.4, ನೋಂದಣಿಯಿರುವ ಪ್ರದೇಶಗಳಲ್ಲೇ ಅತಿ ಹೆಚ್ಚು. ಅಲ್ಲಿ ಹೊಟ್ಟೆ ಮತ್ತು ಅನ್ನನಾಳದ ಕ್ಯಾನ್ಸರುಗಳು ಪ್ರಬಲ. ಹೊಗೆಸೊಪ್ಪಿನ ಹೊಗೆಯನ್ನು ನೀರಿನಲ್ಲಿ ಹಾಯಿಸಿ ಸಿದ್ಧಪಡಿಸಿದ ತುಯಿಬುರ್ ಎಂಬ ದ್ರವವನ್ನು ಬಾಯಲ್ಲಿಟ್ಟುಕೊಳ್ಳುವ ಅಲ್ಲಿನ ರೂಢಿಯ ಮೇಲೆ ಸಂಶೋಧಕರ ದೃಷ್ಟಿ ಬಿದ್ದಿದೆ. ಇಂತಹ ಸುಳಿವುಗಳು ದೊರೆಯುವುದು ಎಣಿಕೆಯಿರುವಲ್ಲಿ ಮಾತ್ರ. ಆ ವರದಿಯ ಕಾಲಕ್ಕೆ ಜನಸಂಖ್ಯಾಧಾರಿತ ನೋಂದಣಿಗೆ ಒಳಪಟ್ಟಿದ್ದುದು ದೇಶದ ಜನರಲ್ಲಿ ಹತ್ತರಲ್ಲೊಂದು ಪಾಲಿನಷ್ಟು. ಸಂಖ್ಯಾಶಾಸ್ತ್ರವನ್ನು ಓದುತ್ತಿರುವ ತರುಣ ತರುಣಿಯರು ಈ ಎಣಿಕೆಯ ಕೆಲಸಕ್ಕಾಗಿ ತಮ್ಮ ತಮ್ಮ ಜಿಲ್ಲೆಗಳತ್ತ ಮುಖಮಾಡಬೇಕೆಂದು ಮನಃಪೂರ್ವಕವಾಗಿ ಕೋರುತ್ತೇನೆ. ಉಳಿದ ಓದುಗರಲ್ಲಿಯೂ ಒಂದು ವಿನಂತಿಯುಂಟು: ಆಸ್ಪತ್ರೆಯಲ್ಲಿ ಗುಮಾಸ್ತರು ವಿಳಾಸವನ್ನೂ ಆ ಊರಿನಲ್ಲಿ ಎಷ್ಟು ವರ್ಷದಿಂದ ಇದ್ದೀರೆಂಬುದನ್ನೂ ಕೇಳಿದಾಗ, ಬೆಂಗಳೂರಿನ ನೆಂಟರ ಮನೆಯ ವಿಳಾಸವನ್ನು ಕೊಡದೆ ನೀವು ನೆಲೆಸಿರುವ ಊರಿನ ಹೆಸರನ್ನೇ ಬರೆಸಿರಿ.